ನಾಲ್ಕು ಗಂಟೆಯ ಜಾಗ

ಹತ್ತರಲ್ಲಿ ಎಷ್ಟು, ಎಂದು ಕೇಳುತ್ತಾಳೆ ಬದ್ರಿಯಾ.
ಗುದೈಬಿಯಾದ ಹಣ ವಿನಿಮಯದ ಗಾಜಿನ ಹಿಂದೆ
ದಿನಕ್ಕೆ ಮುನ್ನೂರು ಸಲ ದರ ಹೇಳುವವಳು ನಾನು,
ದಿನಾರಿಗೆ ರೂಪಾಯಿ, ದಿನಾರಿಗೆ ಟಾಕಾ, ಪೆಸೊ.
ಇದಕ್ಕೊಂದು ಅಂಕಿ ಹೇಳಲು ಬಾಯಿ ಬರುವುದಿಲ್ಲ.
ಹಿಂಡುತ್ತದೆ, ಎನ್ನಬೇಕು. ಒದ್ದೆ ಸೀರೆಯನ್ನು
ಇಬ್ಬರು ಎರಡು ತುದಿ ಹಿಡಿದು ಹಿಂಡಿದ ಹಾಗೆ.
ಮೀನಿನ ಮುಳ್ಳು ಗಂಟಲಲ್ಲಲ್ಲ,
ಇನ್ನೆಲ್ಲೋ ಸಿಕ್ಕಿಕೊಂಡ ಹಾಗೆ.
ನನ್ನ ಹಿಂದಿಯಲ್ಲಿ ಅಷ್ಟಿಲ್ಲ. ಅವಳ ಇಂಗ್ಲಿಷಿನಲ್ಲೂ.
ಎಂಟು, ಎನ್ನುತ್ತೇನೆ. ಬರೆದುಕೊಳ್ಳುತ್ತಾಳೆ.

ಹದಿನಾಲ್ಕು ವರ್ಷ ಇದಕ್ಕೆ ಹೆಸರಿರಲಿಲ್ಲ.
ಕುಂದಾಪುರದಲ್ಲಿ ಅಮ್ಮ ಜೀರಿಗೆ ಕಷಾಯ ಕೈಗಿಟ್ಟು
"ಹೆಣ್ ಜನ್ಮಕ್ಕೆ ಇಪ್ದೇ ಹೆಣೆ" ಎಂದಿದ್ದಳು.
ಮನಾಮಾದ ಆಸ್ಪತ್ರೆಯಲ್ಲಿ ಮೂರು ಸಣ್ಣ ತೂತು ಕೊರೆದು
ಒಳಗೆ ಇಣುಕಿದ ಮೇಲೆ ಬಂತು ಹೆಸರು: ಎಂಡೊಮೆಟ್ರಿಯೋಸಿಸ್.
ಗರ್ಭದ ಒಳಪದರದಂಥದ್ದೇ ಒಂದು ಪದರ
ಗರ್ಭ ಬಿಟ್ಟು ಹೊರಗೆ ಬೇರೂರಿ
ತಿಂಗಳಿಗೊಮ್ಮೆ ಊರು ನೆನೆದು ಅಳುತ್ತದೆ.
ಹೀಗೆ ಹೇಳಿದ್ದು ಡಾಕ್ಟರಲ್ಲ, ನಾನು,
ಜಯಕರನಿಗೆ ಅರ್ಥವಾಗಲೆಂದು.
ಅವನು ನಗಲಿಲ್ಲ.

ಸುಟ್ಟು ತೆಗೆದರು. ನೋವು ಪೂರ್ತಿ ಹೋಗಲಿಲ್ಲ.
ಇಷ್ಟು ವರ್ಷ ಹಲ್ಲು ಕಚ್ಚಿ ಸಹಿಸಿದೆಯಲ್ಲ,
ಕಚ್ಚಿದ್ದು ಹಲ್ಲು ಮಾತ್ರ ಅಲ್ಲ, ಎನ್ನುತ್ತಾಳೆ ಬದ್ರಿಯಾ.
ಕೆಳಗಿನ ಸ್ನಾಯುಗಳೂ ಕಚ್ಚಿಕೊಂಡು ಕೂತಿವೆ.
ಬಿಡುವುದು ಮರೆತಿವೆ.

ಪರದೆ ಎಳೆದು, ಮೊಣಕಾಲಿನಡಿ ದಿಂಬಿಟ್ಟು, ಕೈಗವಸು ತೊಟ್ಟು,
ಸಾಕು ಅಂದರೆ ಸಾಕು, ಎಂದು ಮೂರು ಸಲ ಹೇಳಿ
ಒಂದೇ ಬೆರಳಿನಿಂದ ಹುಡುಕುತ್ತಾಳೆ.
ಒಳಗೊಂದು ಗಡಿಯಾರವಿದೆಯಂತೆ,
ಹನ್ನೆರಡು ಮುಂದೆ, ಆರು ಹಿಂದೆ.
ಏಳರಲ್ಲಿ ಏನೂ ಇಲ್ಲ. ಐದರಲ್ಲಿ ಸ್ವಲ್ಪ.
ನಾಲ್ಕರಲ್ಲಿ
ನಾನು ಏಸಿ ಕಿಂಡಿಯ ಪಟ್ಟಿಗಳನ್ನು ಎಣಿಸತೊಡಗುತ್ತೇನೆ.
ಬೆರಳು ಅಲ್ಲೇ ನಿಲ್ಲುತ್ತದೆ, ಕೆದಕುವುದಿಲ್ಲ, ಹೊರಡುವುದೂ ಇಲ್ಲ.
ಹೊಟ್ಟೆ ತುಂಬ ಉಸಿರು ತಗೋ. ಬಿಡು.
ಬಿಗಿಯಬೇಡ. ಬಿಡು.

ಬಿಡುವುದನ್ನು ಯಾರು ಕಲಿಸಿದ್ದರು ನನಗೆ?
ಕಾಲು ಕೂಡಿಸಿ ಕೂರು. ಸೆರಗು ಎಳೆದುಕೋ.
ಹೊಟ್ಟೆ ಒಳಗೆಳೆದುಕೋ. ಅಳು ನುಂಗು.

ಅವಳ ಮುತ್ತಜ್ಜ ಮುಹರಕ್ಕಿನ ಮುತ್ತಿನ ದೋಣಿಯಲ್ಲಿದ್ದನಂತೆ,
ಮುಳುಗುವವನಲ್ಲ, ಮೇಲೆ ನಿಂತು ಹಗ್ಗ ಹಿಡಿಯುವವನು, ಸೈಬ್.
ಮುತ್ತಿನ ಮಾತು ಬಂದಾಗ ಯಾರೂ ಅವನನ್ನು ನೆನೆಯುವುದಿಲ್ಲ.
ಬಿಗಿ ಹಿಡಿದರೆ ಮುಳುಗಿದವನು ತಳ ಮುಟ್ಟಲಾರ,
ಕೈಬಿಟ್ಟರೆ ಮೇಲೆ ಬರಲಾರ.
"ನೀನು ಹಗ್ಗ ಬಿಗಿಹಿಡಿದೇ ನಿದ್ದೆ ಹೋಗಿದ್ದೀಯ, ಯಶವಂತಿ!"
ನಗು ಬಂತು. ನಗುವಾಗ ನಾಲ್ಕು ಗಂಟೆಯ ಜಾಗ
ಅರೆಕ್ಷಣ ಸಡಿಲಿತು.
ಅವಳ ಬೆರಳಿಗೆ ಮೊದಲು ಗೊತ್ತಾಯಿತು, ಆಮೇಲೆ ನನಗೆ.

ವಿಮೆ ಆರು ಸಲಕ್ಕೆ ಮಾತ್ರ. ಏಳನೆಯದಕ್ಕೆ ಕೈಯಿಂದ.
ಹೊರಗೆ ಜುಲೈ ಬಿಸಿಲಲ್ಲಿ, ಎಂಜಿನ್ ಆರಿಸದೆ, ಜಯಕರ ಕಾಯುತ್ತಾನೆ.
ಏನಾಯಿತು ಎನ್ನುವುದಿಲ್ಲ. ನೀರಿನ ಬಾಟಲಿ ಕೊಡುತ್ತಾನೆ.
ಎರಡು ವರ್ಷ ನಮ್ಮಿಬ್ಬರ ನಡುವೆ ಮಲಗಿದ್ದ ದಿಂಬು
ಈಗ ರಾತ್ರಿ ನನ್ನ ಮೊಣಕಾಲಿನಡಿ.
ಅವನು ಉಸಿರು ಎಣಿಸುತ್ತಾನೆ, ನಾಲ್ಕು ಒಳಗೆ, ಆರು ಹೊರಗೆ,
ನಡುವೆ ಲೆಕ್ಕ ತಪ್ಪಿ ತಾನೇ ಗೊರಕೆ ಹೊಡೆಯುತ್ತಾನೆ.

ಅತ್ತೆಯ ಫೋನು: ವಿಶೇಷ ಏನಾರು ಇತ್ತಾ?
ಇತ್ ಅತ್ತೆ, ಎನ್ನಬೇಕೆನಿಸಿತು,
ನಿನ್ನೆ ಉಚ್ಚೆ ಹೊಯ್ಯುವಾಗ ಗೋಡೆ ಹಿಡಿಯಲಿಲ್ಲ ನಾನು.
ಎಂತ ಇಲ್ಲೆ, ಎಂದೆ.

ಶುಕ್ರವಾರ. ಸಂಬಳದ ವಾರ. ಬಾಗಿಲಾಚೆವರೆಗೂ ಸಾಲು.
ಬೆಳಿಗ್ಗೆಯೇ ಶುರುವಾಗಿದೆ ಮುಟ್ಟು, ಅದರ ಜೊತೆ ಅದೂ.
ಸ್ಟೂಲಿನ ಮೇಲೆ ಸುತ್ತಿದ ಟವೆಲ್, ಸೊಂಟಕ್ಕೆ ಬಿಸಿ ಚೀಲ,
ಎರಡು ಪಾದ ನೆಲಕ್ಕೆ.
ಇವತ್ತು ಆರು. ನಾಳೆ ಏಳಾಗಬಹುದು, ಎಂಟೂ.
ದರವೆಂದ ಮೇಲೆ ಏರುತ್ತದೆ, ಇಳಿಯುತ್ತದೆ.
ಉಸಿರು ಬಿಟ್ಟು, ಗಾಜಿನ ಕಿಂಡಿಗೆ ಬಾಯಿ ತಂದು ಕರೆಯುತ್ತೇನೆ:
ಮುಂದಿನವರು ಬನ್ನಿ.