ಕತ್ತರಿಸಿ ಉಳಿದದ್ದು

ಬೋಳಾರದ ಮುಚ್ಚಿದ ಹಂಚಿನ ಕಾರ್ಖಾನೆಗೆ
ನಾನು ಹೋದದ್ದು ಕಲೆ ನೋಡಲಿಕ್ಕಲ್ಲ,
ಹದಿನಾಲ್ಕು ಲೈಟು ಹಾಕಲಿಕ್ಕೆ.
ಏಣಿ, ಟೆಸ್ಟರು, ನೂರು ಮೀಟರ್ ವಯರು.
ಅರ್ಧ ದಿನದ ಕೆಲಸ ಎಂದಿದ್ದರು ಫೋನಿನಲ್ಲಿ.

ಬಾಗಿಲು ತಳ್ಳುವ ಮೊದಲೇ ವಾಸನೆ ಬಂತು,
ಒಣಗಿದ ಮೇಲೂ ನೆನೆದೇ ಇರುವ
ಆ ಎಲೆಯ ವಾಸನೆ.
ಮೂವತ್ತು ವರ್ಷದ ಹಿಂದಿನ
ತೊಕ್ಕೊಟ್ಟಿನ ನಮ್ಮ ಜಗಲಿ
ಹೊಳೆ ದಾಟಿ ಇಲ್ಲಿಗೆ ಹೇಗೆ ಬಂತು?

ಒಳಗೆ, ಮಾಡಿನಿಂದ ನೆಲದವರೆಗೆ
ತೂಗುತ್ತಿದ್ದವು ಬೀಡಿ ಎಲೆಗಳು.
ಎಲೆ ಅಂದೆನೇ? ಎಲೆಯಲ್ಲ.
ತಗಡಿನ ಅಚ್ಚಿಟ್ಟು ನಡುವಿನ ತುಂಡು
ಬೀಡಿಗೆ ತೆಗೆದ ಮೇಲೆ ಉಳಿಯುತ್ತದಲ್ಲ, ಆ ಅಂಚು:
ಒಂದು ಕಿಟಕಿ, ಸುತ್ತ ಹರಕು ಚೌಕಟ್ಟು,
ಕತ್ತರಿ ಒಳನುಗ್ಗಿದಲ್ಲಿ ಒಂದು ಸೀಳು.
ಅಂಥವು ಸಾವಿರ ಸಾವಿರ,
ಬೀಡಿ ಕಟ್ಟುವ ನೂಲಿನಲ್ಲೇ ಪೋಣಿಸಿ.

ನಮ್ಮಲ್ಲಿ ಅದಕ್ಕೆ ಬೇರೆ ಹೆಸರೇ ಇರಲಿಲ್ಲ.
ಕಸ ಅನ್ನುತ್ತಿದ್ದೆವು,
ಬಚ್ಚಲ ಒಲೆಗೆ ತುರುಕುತ್ತಿದ್ದೆವು.
ಆ ಹೊಗೆ ಕಾಯಿಸಿದ ನೀರು ಮಿಂದು ಮಿಂದು
ನಾನು ಹತ್ತನೇ ಕ್ಲಾಸು ಪಾಸಾದದ್ದು.

ಜೆಸಿಂತಾ ಎಂಬ ಹುಡುಗಿ, ಕೂದಲಿಗೆ ಪೆನ್ಸಿಲು ಸಿಕ್ಕಿಸಿದವಳು,
ಬೆಳಕು ಮೇಲಿಂದ ಬೀಳಬೇಕು ಅಂದಳು,
ಇಗರ್ಜಿಯಲ್ಲಿ ಬೀಳುವ ಹಾಗೆ.
ಏಣಿ ಹತ್ತಿದೆ. ಇಳಿದೆ.
ಬಾಯಿ ಸುಮ್ಮನಿರಲಿಲ್ಲ.
"ಮೇಡಂ, ಇದನ್ನು ಕತ್ತರಿಸಿದ್ದು ಇಂಥ ಬೆಳಕಿನಲ್ಲಲ್ಲ.
ಮಡಿಲಲ್ಲಿ ಮೊರ, ಮೊಣಕಾಲಿನ ಎತ್ತರಕ್ಕೆ
ಇಳಿಬಿಟ್ಟ ನಲ್ವತ್ತರ ಬಲ್ಬು,
ಅದಕ್ಕೊಂದು ಪೇಪರಿನ ಟೊಪ್ಪಿ.
ಮಲಗಿದ ಮಕ್ಕಳ ಕಣ್ಣಿಗೆ ಹೊಡೆಯಬಾರದಲ್ಲ."

ಅವಳು ಪೆನ್ಸಿಲು ತೆಗೆದಳು. ಏನೂ ಬರೆಯಲಿಲ್ಲ.
ಹಾಕಿದ ಹದಿನಾಲ್ಕರಲ್ಲಿ ಹದಿಮೂರು ಬಿಚ್ಚಿದೆವು.
ಉಳಿದ ಒಂದನ್ನು ಕೆಳಗಿಳಿಸಿ
ಸ್ವಿಚ್ಚು ಒತ್ತಿದರೆ
ಗೋಡೆ ತುಂಬ ಕಿಟಕಿಗಳು ಎದ್ದು ನಿಂತವು,
ಬಾಗಿಲಿಗಿಂತ ದೊಡ್ಡವು, ಗಾಳಿ ಬಂದರೆ ಅಲುಗುವವು,
ಒಂದು ಊರಿಗೇ ಸಾಕಾಗುವಷ್ಟು.
ಅರ್ಧ ದಿನದ ಕೆಲಸಕ್ಕೆ ಎರಡು ದಿನ ಹಿಡಿಯಿತು.
ಬಿಲ್ಲು ಅರ್ಧ ದಿನದ್ದೇ ಬರೆದೆ.

ಆದಿತ್ಯವಾರ ಅಮ್ಮನನ್ನು ಕರಕೊಂಡು ಹೋದೆ,
ಆಟೋದಲ್ಲಿ, ಸೇತುವೆ ದಾಟಿ.
"ಉಂದು ದಾದ?" ಅಂದಳು ಮೊದಲು.
ಆಮೇಲೆ, "ಇದನ್ನೆಲ್ಲ ಯಾರು ತಕ್ಕೊಳ್ಳುತ್ತಾರೆ ಮಾರಾಯ?"
ಬೀಡಿ ಬ್ರಾಂಚಿನ ಮೇಜಿನೆದುರು ನಿಂತವಳ ಮುಖ,
ಸಾವಿರಕ್ಕೆ ಅರುವತ್ತು ಹಾಳೆಂದು
ತೆಗೆದು ಬಿಸಾಡಿದ ದಿನದ್ದು.

ಬಂದವರೆಲ್ಲ ಫೋನು ಎತ್ತಿ ಹಿಡಿದಿದ್ದರು.
ಅಮ್ಮ ಕನ್ನಡಕವನ್ನು ಸೆರಗಿಗೆ ಒರೆಸಿ
ಒಂದು ನೂಲು ಹಿಡಿದು
ಮೇಲಿಂದ ಕೆಳಕ್ಕೆ ಓದುತ್ತ ಬಂದಳು,
ಅಕ್ಷರ ಬಾರದವಳು.
ಮುಟ್ಟಬಾರದೆಂದು ಬೋರ್ಡು ಇತ್ತು.
ಹನ್ನೊಂದನೆಯದೋ ಹನ್ನೆರಡನೆಯದೋ,
ಅಲ್ಲಿ ಬೆರಳು ನಿಂತಿತು.

"ಇದು ಎಡಗೈ."

ಏನಮ್ಮ?

"ಸೀಳು ನೋಡು. ಎಲ್ಲದರಲ್ಲಿ ಬಲಕ್ಕೆ, ಇದರಲ್ಲಿ ಎಡಕ್ಕೆ.
ಮೂಲೆಗೆ ಬಂದಾಗ ಕತ್ತರಿ ಎಳ್ಳಷ್ಟು ಮುಂದೆ ಹೋಗಿದೆ.
ಎಷ್ಟು ಬೈಸಿಕೊಂಡಿದ್ದಾಳೆ ಇದಕ್ಕೆ.
ಐಸಮ್ಮ ಇವಳು."

ಗುಡ್ಡೆಯ ಕೆಳಗಿನ ಮನೆಯ ಐಸಮ್ಮ,
ನನಗೆ ಗಂಜಿ ಉಣಿಸಿದವಳು,
ಮಗಳ ಮದುವೆಗೆಂದು ಮನೆ ಮಾರಿ
ಒಂದು ರಾತ್ರಿ ಎತ್ತ ಹೋದಳೋ ಹೇಳದೆ ಹೋದವಳು.
ಸತ್ತಳೆಂದು ಯಾರೋ ಹೇಳಿದ್ದರು.
ನಾವೂ ನಂಬಿಕೊಂಡಿದ್ದೆವು.

ಅಮ್ಮ ಎಲೆಯನ್ನು ಬಲ್ಬಿಗೆ ಹಿಡಿದಳು.
ನಾರು ಇನ್ನೂ ಹಸಿರು.
"ಈ ಮಳೆಗಾಲದ್ದು," ಅಂದಳು.

ಜೆಸಿಂತಾ ಪುಸ್ತಕ ತೆರೆದು ಹುಡುಕಿದಳು,
ಯಾವ ಸಾಲು, ಯಾವ ಗೋಣಿ, ಯಾವ ಮನೆ.
"ಅಡ್ಯಾರು" ಎಂದು ಓದಿದಳು, "ಶಾಲೆಯ ಹಿಂದೆ,
ಹೆಸರು ಕೇಳಿರಲಿಲ್ಲ, ಒಂದು ಅಜ್ಜಿ..."

ಅಮ್ಮ ಆಗಲೇ ಹೊರಗೆ,
ಗೋಡೆಯ ಕಿಟಕಿಗಳು ಅವಳ ಬೆನ್ನ ಮೇಲೆ ಹಾದು,
ಚಪ್ಪಲಿಗೆ ಕಾಲು ತೂರಿಸುತ್ತ
ಕೂಗುತ್ತಿದ್ದಳು:
"ಆಟೋದವನನ್ನು ಬಿಡಬೇಡ!"