ಪ್ರುಸಾಕ್

ಬಾಗಿಲು ತೆಗೆದ ಕೂಡಲೇ ಮೊದಲು ಮೂಗು ತೂರಿಸುತ್ತೇನೆ.
ಕ್ಷಮಿಸಿ, ಅದೇ ನನ್ನ ಕಸುಬು.
ತೊಳೆಯದ ಬಾಣಲೆಗೂ ಒದ್ದೆ ರಟ್ಟಿಗೂ ನಡುವಿನ
ಒಂದು ಕಮಟು. ಅದು ಸಿಕ್ಕಿತೋ,
ಚಹಾ ಬೇಡವೆಂದು ಟಾರ್ಚು ತೆಗೆಯುತ್ತೇನೆ.

ಕಾಟೊವಿತ್ಸೆಯ ಈ ಹನ್ನೊಂದು ಮಹಡಿ
ಗಣಿಯವರಿಗೆಂದು ಕಟ್ಟಿದ್ದು.
ಗಣಿ ಮುಚ್ಚಿತು, ಕೊಳವೆಗಳು ಉಳಿದವು.
ಒಬ್ಬರ ಬಚ್ಚಲಿನ ಕೆಮ್ಮು
ಇನ್ನೊಬ್ಬರ ಅಡುಗೆಮನೆಗೆ ಕೇಳುವಷ್ಟು ಸಲಿಗೆ,
ಮೆಟ್ಟಿಲ ಮೇಲೆ ಮಾತ್ರ ಮಾತಿಲ್ಲ.

ಕಾವಲುಗಾರ ಬೋಗ್ದಾನ್ ಲಿಫ್ಟಿನಲ್ಲೇ ತೀರ್ಪು ಕೊಟ್ಟ:
"ನಾಲ್ಕನೆಯ ಮಹಡಿ. ಉಕ್ರೇನಿನವಳು.
ಪೆಟ್ಟಿಗೆಗಳಲ್ಲಿ ತುಂಬಿಕೊಂಡೇ ಬಂದಳು."

ಲೆಸ್ಯಾ ಪರೀಕ್ಷೆಗೆ ಕೂತ ಹುಡುಗಿಯಂತೆ ನಿಂತಿದ್ದಳು.
ಬ್ಲೀಚಿಗೆ ಬೆರಳ ತುದಿಗಳು ಬಿರಿದಿದ್ದವು.
ಸಿಂಕಿನ ಕೆಳಗೆ ಮಂಡಿಯೂರಿದೆ.
ಕೀಲಿನ ಬಳಿ ಮೆಣಸಿನ ಪುಡಿ ಉದುರಿದಂತೆ ಚುಕ್ಕೆಗಳು,
ಕೊಳವೆ ಗೋಡೆ ಹೊಕ್ಕುವಲ್ಲಿ ಬೆರಳು ಹಿಡಿಸುವ ಸಂದು.
ಬಂದಿವೆ, ನಿಜ. ಆದರೆ ತವರು ಇದಲ್ಲ.
ಚುಕ್ಕೆಗಳ ಸಾಲು ಮೇಲಿನಿಂದ ಇಳಿದಿತ್ತು.

ಐದನೆಯ ಮಹಡಿಯ ಗೆರ್ತ್ರುದಾ
ಹೊಸ್ತಿಲಲ್ಲೇ ನನ್ನ ಬೂಟು ಬಿಚ್ಚಿಸಿದಳು.
ನೆಲದಲ್ಲಿ ಮುಖ ಕಾಣುತ್ತಿತ್ತು.
"ನಮ್ಮಲ್ಲಿ ಅಂಥದ್ದೆಲ್ಲ ಇಲ್ಲಮ್ಮ."
ಬೆಳಿಗ್ಗೆ ಹತ್ತೂವರೆ.
ಅಷ್ಟರಲ್ಲಿ ಫ್ರಿಜ್ಜಿನ ಮೇಲೆ ಒಬ್ಬ
ಮೀಸೆ ಆಡಿಸುತ್ತಾ ಹಾಜರಾದ.
ಬೆನ್ನ ಮೇಲೆ ಎರಡು ಕಪ್ಪು ಗೀರು,
ಅಧಿಕಾರಿಯ ಪಟ್ಟಿಯ ಹಾಗೆ.

ರಾತ್ರಿಯವನು ಹಗಲು ಹೊರಬಿದ್ದರೆ
ಒಳಗೆ ಮಲಗಲು ಜಾಗ ಸಾಲುತ್ತಿಲ್ಲ.

ಫ್ರಿಜ್ಜು ಎಳೆದೆ.
ಮೋಟಾರಿನ ಬೆಚ್ಚನೆಯ ಸುತ್ತ ಸಂತೆ.
ಹುಣಸೆ ಬೀಜದ ಬಣ್ಣದ ಪುಟ್ಟ ಚೀಲಗಳು,
ಅಕ್ಕಿಕಾಳಿಗಿಂತ ಕೊಂಚ ದಪ್ಪ,
ಒಂದೊಂದರೊಳಗೂ ಮೂವತ್ತು ನಲವತ್ತು ನಾಳೆಗಳು.
ಗೋಡೆ ಬದಿಗೆ, ಪತ್ರಿಕೆಯಲ್ಲಿ ಸುತ್ತಿಟ್ಟ
ಏಳು ಖಾಲಿ ಸ್ಪ್ರೇ ಡಬ್ಬಿ.

ಗೊತ್ತಿತ್ತು ಅವಳಿಗೆ.
ರಾತ್ರಿ ರಾತ್ರಿ ಗುಟ್ಟಾಗಿ ಹೊಡೆದಿದ್ದಾಳೆ;
ಸತ್ತವು ಕೆಲವು, ಉಳಿದವು
ಕೊಳವೆ ಹಿಡಿದು ಲೆಸ್ಯಾಳ ಮನೆಗೆ ಗುಳೆ ಹೋಗಿವೆ.

ಕುರ್ಚಿಯ ಬೆನ್ನು ಹಿಡಿದು ನಿಂತಳು. ಬಹಳ ಹೊತ್ತು.
ಆಮೇಲೆ, ನನಗಲ್ಲ, ಫ್ರಿಜ್ಜಿಗೆ ಹೇಳಿದಳು:
"ಶಾಲೆಯಲ್ಲಿ ನನ್ನನ್ನು ಪ್ರುಸಾಕ್ ಅನ್ನುತ್ತಿದ್ದರು.
ಈ ಹೆಸರಿಗೆ. ಅಜ್ಜಿಯ ನಾಲಿಗೆಗೆ."

ನಮ್ಮ ಭಾಷೆಯಲ್ಲಿ ಈ ಜಿರಲೆ ಪ್ರುಸಾಕ್, ಪ್ರಷ್ಯದವನು.
ಗಡಿಯಾಚೆ ಜರ್ಮನ್ನರು ಇದನ್ನೇ ರಷ್ಯದವನು ಎಂದದ್ದೂ ಉಂಟು.
ಯಾರಿಗೂ ಬೇಡದ್ದಕ್ಕೆ
ನೆರೆಯೂರಿನ ಹೆಸರು.
ಅದಕ್ಕೋ, ಊರೇ ಇಲ್ಲ.
ಬೆಚ್ಚಗಿರಬೇಕು, ಒಂದು ಹನಿ ನೀರಿರಬೇಕು,
ಬೆನ್ನಿಗೂ ಹೊಟ್ಟೆಗೂ ಗೋಡೆ ತಾಗಬೇಕು. ಅಷ್ಟೇ.

ಹೇಳಬೇಕಾದ್ದನ್ನು ಎರಡೂ ಮನೆಗೆ ಹೇಳಿದೆ.
ಸ್ಪ್ರೇ ಬಿಡಿ. ಸಾಸಿವೆಯಷ್ಟು ಗೊಜ್ಜಿನ ಚುಕ್ಕೆ ಇಡುತ್ತೇನೆ,
ಒರೆಸಬೇಡಿ, ಗೆರ್ತ್ರುದಾ, ದಯವಿಟ್ಟು ಅದೊಂದನ್ನು ಒರೆಸಬೇಡಿ;
ತಿಂದವನು ಗೂಡಿಗೆ ಹೋಗಿ ಸಾಯಲಿ,
ಅವನನ್ನು ತಿಂದವರೂ ಸಾಯಲಿ.
ಸೋರುವ ನಲ್ಲಿ ಇವತ್ತೇ ರಿಪೇರಿ. ಮಲಗುವ ಮುಂಚೆ
ಸಿಂಕನ್ನು ಮಗುವಿನ ತಲೆಯಂತೆ ಒಣಗಿಸಿ.
ರಟ್ಟಿನ ಪೆಟ್ಟಿಗೆ ಹೊರಗೆ, ಹಿಟ್ಟು ಬಿಗಿ ಡಬ್ಬಿಗೆ.
ಸಂದಿಗೆ ಸಿಮೆಂಟು ನಾನೇ ಮೆತ್ತಿದೆ,
ಮೇಲಿಂದ ಒಮ್ಮೆ, ಕೆಳಗಿಂದ ಒಮ್ಮೆ.

ಬೋಗ್ದಾನನಿಗೆ ಏನೂ ಹೇಳಲಿಲ್ಲ.
ಬಿಲ್ಲಿನಲ್ಲಿ ಬರೆದೆ: ಮೂಲ, ಕಟ್ಟಡ.

ಮೂರು ವಾರದ ಮೇಲೆ ಅಂಟುಹಾಳೆ ಎಣಿಸಲು ಹೋದೆ.
ಮೇಲೆ ಆರು, ಕೆಳಗೆ ಸೊನ್ನೆ.
ಲೆಸ್ಯಾಳ ಮೇಜಿನ ಮೇಲೆ ಬಿಗಿ ಮುಚ್ಚಳದ ಡಬ್ಬಿ,
ಅಡಿಯಲ್ಲಿ ಗೆರ್ತ್ರುದಾಳ ಕಸೂತಿ ವಸ್ತ್ರ.
ಯಾರು ಯಾರ ಬಾಗಿಲು ತಟ್ಟಿದರೋ,
ನಾನು ಕೇಳಲಿಲ್ಲ, ಅವಳು ಹೇಳಲಿಲ್ಲ.
ಒಂದು ತುಂಡು ಕತ್ತರಿಸಿ ಕೊಟ್ಟಳು.

ಕೇಕಿನ ತುಂಬ ಕಪ್ಪು ಕಾಳು.
ಹಾಳು ಚಾಳಿ, ಟಾರ್ಚು ಹಾಕಿ ನೋಡಿದೆ.
ಗಸಗಸೆ.