ಪಾಲಕರ ಸಹಿ

ಇಪ್ಪತ್ತೆರಡು ವರ್ಷ ಆಯ್ತು
ಚಿತ್ತಾಪುರದ ದನದ ದವಾಖಾನಿದಾಗ
ಸೂಜಿ ಹಿಡಿದ ಕೈ ಇದು.
ಒದೆಯೋ ಎಮ್ಮಿಗೂ ಗೊತ್ತಾಗದಂಗ ಚುಚ್ಚತದ.
ಸುತ್ತ ಹಳ್ಳಿ ಮಂದಿ ಅಂತಾರ:
ಧೂಳಪ್ಪನ ಕೈ ಅಂದ್ರ ಹೂವು.

ಆ ಹೂವಿನ ಕೈಲೇ, ಭಾಗ್ಯವಂತಿ,
ನಿನಗೂ.

ಪರಸಿ ಕಲ್ಲಿನ ಖಣಿ ಮಗ್ಗಲಾಗ
ಒಡೆದ ಚೂರು ಎತ್ತಿ ಒಗೀತಿದ್ದಿ ನೀ,
ಆರನೇ ಇಯತ್ತೆ ಇದ್ದಾಗ.
ಹುಡುಗೂರ ಕಲ್ಲು ಹಳ್ಳದ ನಡುವ ಬೀಳೋದು,
ನಿಂದು ಆಚಿ ದಂಡಿ ಜಾಲಿಗಿಡಕ್ಕ ಬಡಿಯೋದು.
ಅವತ್ತ ನಿನ್ನ ಹೊಟ್ಟ್ಯಾಗ ಇದ್ದದ್ದು
ಜೋಳದ ರೊಟ್ಟಿ, ಪುಂಡಿಪಲ್ಯ.
ಮತ್ತೇನೂ ಇರಲಿಲ್ಲ.
ಈಗ ಹೇಳಿದರ ನಂಬೋರು ಯಾರು?
ಆ ಕಲ್ಲನ್ನೂ ನಾನೇ ಸುಳ್ಳು ಮಾಡಿದೆ.

ಕಲಬುರಗಿ ಕ್ರೀಡಾ ಹಾಸ್ಟೆಲ್ಲಿನ ಅರ್ಜಿ ಬಂತು.
ಕೆಳಗ ಒಂದು ಗೆರಿ: ಪಾಲಕರ ಸಹಿ.
ದವಾಖಾನಿ ಪೆನ್ನಿಲೇ ಹಾಕಿದೆ,
ಬಾಲ ಎಳೆದು, ಎರಡು ಚುಕ್ಕಿ ಇಟ್ಟು.

ಮೂರು ಕಿಲೋ ಗುಂಡು.
ಹನ್ನೊಂದು ಮೀಟರ್ ಇಪ್ಪತ್ತು.
ಆರು ತಿಂಗಳಾದರೂ ಹನ್ನೊಂದು ಇಪ್ಪತ್ತೈದು.
ರಾತ್ರಿ ನಿದ್ದಿ ಬರದೆ ಸೆಂಟಿಮೀಟರ್ ಎಣಿಸೋನು ನಾನು,
ನೀನಲ್ಲ. ನೀ ಗೊರಕಿ ಹೊಡೀತಿದ್ದಿ.
ರೈಲ್ವೆದಾಗ ಕೋಟಾ ಅದ ಅಂತ
ವಾಡಿ ಜಂಕ್ಷನ್ನಿನ ಚಹಾದ ಅಂಗಡ್ಯಾಗ
ಯಾರೋ ಅಂದಿದ್ದರು.
ಅವತ್ತಿಂದ ಗುಂಡು ಬಿದ್ದಲ್ಲೆಲ್ಲ
ನನಗ ಕ್ವಾರ್ಟರ್ಸ್ ಕಾಣತಿತ್ತು.

ದೀಪಾವಳಿ ಸೂಟಿಗೆ ನೀ ಬಂದಾಗ
ನಾಗಶೆಟ್ಟಿ ಮಾಸ್ತರ ಡಬ್ಬಿ ತಂದ.
"ತಾಕತ್ತಿಂದು, ಕಾಕಾ. ಎಲ್ಲಾರೂ ತಗೋತಾರ.
ನಿಮ್ಮ ಕೈ ಇರೂತನ ನನಗ್ಯಾಕ ಚಿಂತಿ?"
ಬಾಟ್ಲಿ ಮ್ಯಾಲಿನ ಚೀಟಿ
ಉಗುರಿಲೇ ಕೆರೆದಿತ್ತು.

ಚೀಟಿ ಇಲ್ಲದ ಬಾಟ್ಲಿ
ಒಂದು ಕರುವಿಗೂ ಚುಚ್ಚಿದವನಲ್ಲ ನಾ.
ಔಷಧದ ಹೆಸರು, ಬ್ಯಾಚ್ ನಂಬರ್, ತಾರೀಖು,
ಮಾಲೀಕನ ಊರು,
ಎಲ್ಲಾ ರೆಜಿಸ್ಟರಿಗೆ ಏರಿದ ಮ್ಯಾಲೆ ಸೂಜಿ.
ಅವತ್ತ ರೆಜಿಸ್ಟರ್ ಎಲ್ಲಿತ್ತು?
"ಏನಪ್ಪಾ ಇದು?" ಅಂದಿ.
"ಟಾನಿಕ್" ಅಂದೆ.
ತೋಳು ಮುಂದ ಮಾಡಿದಿ.
ಕಣ್ಣು ಸುದ್ದಾ ಮುಚ್ಚಲಿಲ್ಲ ನೀ.

ಹದಿಮೂರು ಮೀಟರ್ ನಲವತ್ತು!
ಪೇಢೆ ಹಂಚಿದೆ ದವಾಖಾನಿದಾಗ,
ಡಾಕ್ಟರ್ ಸಾಹೇಬರಿಗೆ ಎರಡು.

ನಿಮ್ಮವ್ವ ಒಲಿ ಮುಂದ ಕುಂತು ಸಣ್ಣಗ ಅಂದ್ಳು:
"ನಾಕು ತಿಂಗಳಾಯ್ತು, ಹುಡುಗಿ ಮುಟ್ಟಾಗಿಲ್ಲ.
ಗದ್ದದ ಮ್ಯಾಲೆ ಕೂದಲ ಬರಾಕತ್ಯಾವ."
"ಆಟದವರಿಗೆ ಹಂಗೇ" ಅಂದೆ.
ಆಕಿ ರೊಟ್ಟಿ ಬಡಿಯೋದು ನಿಲ್ಲಿಸಿ
ನನ್ನ ಕೈ ನೋಡಿದಳು, ಮಾರಿ ಅಲ್ಲ.

ಒಂದಿನ ಹೊಸ ನಂಬರಿಂದ ಫೋನ್.
ಗಡಸು ದನಿ: "ಯಪ್ಪಾ..."
"ಯಾರ್ರಿ ಮಾತಾಡೋದು?" ಅಂದುಬಿಟ್ಟೆ.

ಆ ಕಡಿ ಯಾರೋ ಉಸುರು ನುಂಗಿದ್ದು ಕೇಳಿಸ್ತು.
ಆಮ್ಯಾಲೆ ಬರೇ
ಹಾಸ್ಟೆಲ್ಲಿನ ನಳದ ಸಪ್ಪಳ.

ದೂರದ ಊರಿನ ಪಂದ್ಯ. ಒಂದು ಕಪ್ಪು.
ಹೆಣ್ಣುಮಗಳೊಬ್ಬಾಕಿ ಎದುರಿಗೇ ನಿಂತಿದ್ದಳಂತ.
ತಿಂಗಳೊಪ್ಪತ್ತಿಗೆ ಬಂತು ಲಕೋಟಿ.
ಮುಖ್ಯವಾದ ಪ್ರಶ್ನೆ ಒಂದೇ:
ಇದು ನಿನ್ನ ಮೈಯಾಗ ಹ್ಯಾಂಗ ಬಂತು?

ನೀ ಪೆನ್ಸಿಲ್ಲಿಲೇ ಬರೆದು ಕಳಿಸೀದಿ:
"ನನಗ ನಾನೇ ತಗೊಂಡೀನಿ. ಮನಿಯವರಿಗೆ ಗೊತ್ತಿಲ್ಲ."
ಕೆಳಗ ಮತ್ತ ಅದೇ ಗೆರಿ,
ನೀ ಮೈನರ್ ಅಲ್ಲಾ:
ಪಾಲಕರ ಸಹಿ.

ಹದಿನಾರು ವರ್ಷದಾಕಿ
ನಲವತ್ತೊಂಬತ್ತರವನ ಪಾಲಕಳಾಗಿ ಕುಂತೀದಿ.

ಎರೇಸರ್ ತಂದೀನಿ.
ನಿನ್ನ ಸಾಲು ಒರೆಸಿ, ಅದೇ ಜಾಗದಾಗ
ರೆಜಿಸ್ಟರಿನಂಗ ಬರೀತೀನಿ:
ಔಷಧದ ಹೆಸರು: ನೋಡಲಿಲ್ಲ.
ಎಷ್ಟು ಸಲ: ಹದಿನಾಲ್ಕು.
ತಂದವ: ನಾಗಶೆಟ್ಟಿ.
ಚುಚ್ಚಿದವ: ಧೂಳಪ್ಪ, ತಂದಿ.
ಆಕಿಗೆ ಹೇಳಿದ್ದು: ಟಾನಿಕ್.

ನೌಕರಿ ಹೋಗತದ. ಹೋಗಲಿ.
ಎಮ್ಮಿಗಳಿಗೆ ಬ್ಯಾರೆ ಕೈ ಸಿಗತಾವ.

ಕೆಳಗಿನ ಗೆರಿ ಮಾತ್ರ ಖಾಲಿ ಬಿಟ್ಟೀನಿ.
ಆಯ್ತವಾರ ಹಾಸ್ಟೆಲ್ಲಿಗೆ ಬರ್ತೀನಿ.
ಗೇಟಿನ ಹೊರಗ, ಬೇವಿನಗಿಡದ ತೆಳಗ ಇರ್ತೀನಿ,
ಪೆನ್ನು ಕಿಸೆದಾಗ ಇಟ್ಕೊಂಡು.
ಹಾಕು ಅಂದ್ರ ಹಾಕ್ತೀನಿ.
ಬರಲಿಲ್ಲಂದ್ರ
ಸಂಜಿ ಗಾಡಿ ಅದ.